ಕರಗಿದ ಇಡುಗಂಟು

ಕೇಳುಗ ಮಿತ್ರರೇ, ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಗೆ ಹೋದವರಿಗೆ ಈ ದೃಶ್ಯ ಹೊಸದಲ್ಲ. ಗೌರವ ಕೋಶಾಧಿಕಾರಿಗಳು ಲೆಕ್ಕಪತ್ರ ಓದಲು ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಬಿಸಿಬೇಳೆ ಭಾತಿನ ಘಮ ಬರುತ್ತದೆ. ‘ಓದಿದ್ದಾಯಿತೆಂದು ಭಾವಿಸೋಣ’ ಎಂದು ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ವರ್ಷವೊಂದು ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಉಪನಗರದ ಪುಟ್ಟ ಸಂಘವೊಂದರಲ್ಲಿ ನಾನೂ ಹಾಗೆ ಕೈ ಎತ್ತಿದವನೇ. ಕೋಶಾಧಿಕಾರಿಯ ಹೊಣೆ ನನ್ನ ಹೆಗಲಿಗೇ ಬಂದ ಮೇಲೆ, ಕಪಾಟಿನಲ್ಲಿದ್ದ 1995ರಿಂದೀಚಿನ ಲೆಕ್ಕಪತ್ರಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿದೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಅಚ್ಚುಕಟ್ಟು. ಇಂಥ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ, ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಿದ ಪ್ರತಿಗಳೂ ಇದ್ದವು. ನಮ್ಮ ಇಡುಗಂಟು, ಅಂದರೆ ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ಮೂಲನಿಧಿ, ಅಂದೂ ಹತ್ತು ಲಕ್ಷ, ಇಂದೂ ಹತ್ತು ಲಕ್ಷ. ಅದನ್ನು ಯಾರೂ ಮುಟ್ಟಿಲ್ಲವೆಂಬುದೇ ನಮ್ಮ ಹೆಮ್ಮೆಯಾಗಿತ್ತು. ಆದರೆ ಆಗ ಬ್ಯಾಂಕಿನ ಠೇವಣಿಗೆ ಶೇ. 12ರ ಆಸುಪಾಸಿನ ಬಡ್ಡಿ. ವರ್ಷಕ್ಕೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. 2020–21ರ ಹೊತ್ತಿಗೆ ಅದು ಅರ್ಧಕ್ಕೂ ಕೆಳಗಿಳಿದಿತ್ತು. ಸಭಾಗೃಹದ ಬಾಡಿಗೆಯೋ, ಹಲವು ಪಟ್ಟು ಏರಿತ್ತು. ಕಳ್ಳನೇ ಬರದೆ ಗಂಟು ಕರಗಿತ್ತು.

ಇನ್ನೊಂದು ತಪ್ಪಂತೂ ನಾವೇ ಮಾಡಿಕೊಂಡದ್ದು. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹೋಟೆಲು ಮಾಲೀಕರು ಧಾರಾಳವಾಗಿ ಜಾಹೀರಾತು ಕೊಟ್ಟರು. ಆ ಧೈರ್ಯದಲ್ಲಿ ಒಬ್ಬ ಗುಮಾಸ್ತರನ್ನು ನೇಮಿಸಿಕೊಂಡೆವು. ಬೆಳ್ಳಿಹಬ್ಬ ಬರುವುದು ಒಂದೇ ಸಲ, ಸಂಬಳ ತಿಂಗಳು ತಿಂಗಳೂ ಬರುತ್ತದೆ.

ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ತನ್ನ ಉದ್ದೇಶಗಳಿಗೆ ವಿನಿಯೋಗಿಸಬೇಕು. ಉಳಿದ 15ನ್ನು ಕೂಡಿಡಲು ಅಡ್ಡಿಯಿಲ್ಲ. ನಾವು ಎಲ್ಲವನ್ನೂ ಮುಗಿಸಲೇಬೇಕೆಂದುಕೊಂಡು, ಮಾರ್ಚ್ ಬಂತೆಂದರೆ ಸನ್ಮಾನಗಳ ಸುಗ್ಗಿ ನಡೆಸುತ್ತಿದ್ದೆವು. ಎಷ್ಟು ಶಾಲುಗಳು, ದೇವರೇ ಬಲ್ಲ!

ಕೊನೆಗೆ ನಾನು ಒಂದೇ ಲೆಕ್ಕ ಹಾಕಿದೆ. ನಾಳೆಯಿಂದ ದೇಣಿಗೆ ನಿಂತುಹೋದರೆ ಎಷ್ಟು ತಿಂಗಳು ಬಾಗಿಲು ತೆರೆದಿಡಬಹುದು? ಇಡುಗಂಟನ್ನು ಸೇರಿಸಲಿಲ್ಲ. ವಿದ್ಯಾರ್ಥಿವೇತನಕ್ಕೆಂದೇ ದಾನಿಗಳು ಕೊಟ್ಟ ಹಣವನ್ನೂ ಸೇರಿಸಲಿಲ್ಲ, ಅದು ಮಕ್ಕಳದು. ಉತ್ತರ, ನಾಲ್ಕು ತಿಂಗಳು.

ಈ ಸಲದ ಮಹಾಸಭೆಯಲ್ಲಿ ಊಟವನ್ನು ಮೊದಲೇ ಬಡಿಸಿಬಿಟ್ಟೆವು. ಅರ್ಧ ಜನ ಕೈ ತೊಳೆದು ಲೋಕಲ್ ಹಿಡಿದರು. ಉಳಿದವರು ನನ್ನನ್ನು ಒಂದೂವರೆ ಗಂಟೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದರು.

ನಮಸ್ಕಾರ.