ರೊಟ್ಟಿ ಕೈಲೆ ಮುರೀಬೋದೇನು?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಅಕ್ಕನ ಮಗನಿಗೆ ಮೊದಲ ಸಂಬಳ ಬಂತು. ಅಜ್ಜಿಯನ್ನು ಒಂದು ಒಳ್ಳೆಯ ಹೋಟೆಲಿಗೆ ಕರೆದುಕೊಂಡು ಹೋಗಬೇಕು ಅಂತ ಅವನಿಗೆ ಬಹಳ ದಿನದಿಂದ ಆಸೆ. ರಾಯಚೂರಿನಲ್ಲೇ ಹೊಸದಾಗಿ ತೆರೆದ ಎಸಿ ರೆಸ್ಟೋರೆಂಟಿಗೆ ಐದು ಜನ ಹೋದೆವು. ನಮ್ಮ ಅವ್ವನಿಗೆ ಈಗ 72 ವರ್ಷ. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

ಅವ್ವನ ಊಟ ಈಗ ತೀರಾ ಕಡಿಮೆ. ಒಂದು ರೊಟ್ಟಿ, ಒಂದಿಷ್ಟು ಪಲ್ಯ, ಒಂದು ಹಿಡಿ ಅನ್ನ, ಅಷ್ಟೇ. ಅದಕ್ಕೆ ನಮ್ಮಿಬ್ಬರಿಗೆ ಸೇರಿ ಒಂದೇ ಊಟ ಸಾಕು ಅಂದೆ. ಸಪ್ಲಾಯರ್ ಹುಡುಗ ಮೆನು ಕಾರ್ಡಿನ ಕೊನೆಯ ಪುಟ ತಿರುವಿ, ಬೆರಳಿಟ್ಟು ತೋರಿಸಿದ. ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಬರೆದಿತ್ತು.

ಮಾಲೀಕರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಬೇಕಾದಷ್ಟು ಬಡಿಸುವ ಫುಲ್ ಊಟದಲ್ಲಿ ಒಂದು ಟೋಕನ್ ತಗೊಂಡು ಇಬ್ಬರು ಉಂಡರೆ ಅವರಿಗೆ ಗಿಟ್ಟುವುದಿಲ್ಲ. ಅಲ್ಲಿ ಆ ನಿಯಮ ಇರಲಿ. ಆದರೆ ಇದು ಎರಡು ರೊಟ್ಟಿ, ಎರಡು ಬಟ್ಟಲು ಪಲ್ಯ ಅಂತ ಲೆಕ್ಕ ಹಾಕಿ ಕೊಡುವ ಪ್ಲೇಟ್ ಊಟ. ಎರಡನೇ ಸಲ ಏನೂ ಬಡಿಸುವುದಿಲ್ಲ. ದುಡ್ಡು ಕೊಟ್ಟು ಕೊಂಡ ರೊಟ್ಟಿಯಲ್ಲಿ ಅರ್ಧ ಮುರಿದು ಅವ್ವನಿಗೆ ಕೊಟ್ಟರೆ ಯಾರಿಗೆ ನಷ್ಟ? ಕೊನೆಗೆ ಐದು ಜನಕ್ಕೂ ಐದು ಊಟ ಹೇಳಿದೆವು.

ಊಟ ಬಂತು. ಕಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರು. ಎಲ್ಲಾ ನಮ್ಮದೇ ಊಟ. ತಾಟಿನ ಎಡಕ್ಕೆ ಫೋರ್ಕ್, ಬಲಕ್ಕೆ ಚಾಕು. ಅವ್ವ ರೊಟ್ಟಿಗೆ ಕೈ ಹಾಕಿದಳು. ಹುಡುಗ ಬಂದು, ‘ಅಮ್ಮಾ, ಫೋರ್ಕ್ ಇದೆ, ತಗೊಳ್ರಿ’ ಅಂದ. ಮರ್ಯಾದೆಯಿಂದಲೇ ಹೇಳಿದ. ಆದರೆ ಅವ್ವ ಕೈ ಹಿಂದಕ್ಕೆ ತಗೊಂಡಳು. ಪಕ್ಕದ ಟೇಬಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೊಮ್ಮಗನಿಗೆ ಅವಮಾನ ಆಗಬಾರದು ಅಂತ ಫೋರ್ಕ್ ಹಿಡಿದು ರೊಟ್ಟಿಗೆ ಚುಚ್ಚಿದಳು. ರೊಟ್ಟಿ ಪಟಕ್ಕನೆ ಒಡೆದು ಒಂದು ಚೂರು ಸೀರೆಯ ಮೇಲೆ, ಒಂದು ನೆಲಕ್ಕೆ. ಫೋರ್ಕ್, ಚಾಕು ಎರಡನ್ನೂ ಜೋಡಿಸಿ ತಾಟಿನ ಅಂಚಿಗೆ ಇಟ್ಟಳು. ನೀರು ಕುಡಿಯೋಣ ಅಂತ ಲೋಟ ಎತ್ತುವುದರೊಳಗೆ ಹುಡುಗ ಬಂದು ತಾಟು ತಗೊಂಡು ಹೋಗೇಬಿಟ್ಟ. ಬದನೆಕಾಯಿ ಮುಟ್ಟಿರಲೇ ಇಲ್ಲ.

‘ಇನ್ನಾ ಉಣ್ಣೋದೈತಪಾ’ ಅಂದಳು ಅವ್ವ. ಅವನಿಗೆ ಕೇಳಿಸಲಿಲ್ಲ.

ಆ ಹುಡುಗನದು ತಪ್ಪಲ್ಲ. ಅವನಿಗೆ ಹಾಗೆ ಕಲಿಸಿದ್ದಾರೆ. ಫೋರ್ಕ್, ಚಾಕು ಒಂದರ ಪಕ್ಕ ಒಂದು ಜೋಡಿಸಿ ಇಟ್ಟರೆ ಊಟ ಮುಗಿಯಿತು, ತಟ್ಟೆ ಎತ್ತಬಹುದು ಅಂತ ಅರ್ಥ. ಎರಡನ್ನೂ ದೂರ ದೂರ, ಓರೆಯಾಗಿ ಇಟ್ಟರೆ ಇನ್ನೂ ಉಣ್ಣುತ್ತಿದ್ದೇನೆ ಅಂತ ಅರ್ಥ. ಯುರೋಪಿನ ಟೇಬಲಿನಿಂದ ಬಂದ ಪದ್ಧತಿ ಇದು. ನಮ್ಮ ಅವ್ವನಿಗೆ ಅದು ಎಲ್ಲಿಂದ ಗೊತ್ತಾಗಬೇಕು? ಮನೆಯಲ್ಲಿ ಸಾಮಾನು ಜೋಡಿಸಿ ಇಡುವುದು ಅಂದರೆ ಅವಳಿಗೆ ಅಚ್ಚುಕಟ್ಟು, ಅಷ್ಟೇ. ತಟ್ಟೆ ಎತ್ತುವ ಮೊದಲು ‘ಊಟ ಆಯ್ತಾ ಅಮ್ಮಾ’ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಫೋರ್ಕ್ ಬಗ್ಗೆ ನನಗೆ ಸಿಟ್ಟಿಲ್ಲ. ನೂಡಲ್ಸಿಗೆ, ಕೇಕಿಗೆ ಅದು ಚೆನ್ನಾಗಿಯೇ ಇರುತ್ತದೆ. ಇಂಗ್ಲೆಂಡಿನವರೇ ಅದನ್ನು ತಡವಾಗಿ ಕಲಿತರು. ಥಾಮಸ್ ಕೊರಿಯಟ್ ಅನ್ನುವ ಪ್ರವಾಸಿ ಇಟಲಿಯಲ್ಲಿ ಜನ ಫೋರ್ಕ್ ಹಿಡಿದು ಉಣ್ಣುವುದನ್ನು ನೋಡಿ 1611ರಲ್ಲಿ ಬರೆದ. ಅವನೂ ಹಾಗೆ ಉಣ್ಣತೊಡಗಿದಾಗ ಅವನ ಕಡೆಯವರೇ ಅವನನ್ನು ನೋಡಿ ನಕ್ಕರಂತೆ. ದೊಡ್ಡ ಮಾಂಸದ ತುಂಡು ತಟ್ಟೆಗೆ ಬರುವ ಊಟದಲ್ಲಿ ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕೊಯ್ಯಬೇಕು. ಅದಕ್ಕೆ ಫೋರ್ಕೂ ಬೇಕು, ಚಾಕೂ ಬೇಕು. ನಮ್ಮಲ್ಲಿ ಕೊಯ್ಯುವ ಕೆಲಸ ಈಳಿಗೆಮಣೆಯ ಮೇಲೇ ಮುಗಿದಿರುತ್ತದೆ. ತಾಟಿಗೆ ಬಂದ ಮೇಲೆ ಚಾಕುವಿಗೆ ಏನು ಕೆಲಸ?

ಜೋಳದ ಹಿಟ್ಟಿಗಂತೂ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಎಸರಿನ ನೀರು ಹಾಕಿ ನಾದಿ, ಕೈಯಲ್ಲಿ ಬಡಿಯುತ್ತಾರೆ. ಬಿಸಿ ರೊಟ್ಟಿ ಬೆರಳಿಗೆ ಮೆತ್ತಗೆ ಹರಿದು ಬರುತ್ತದೆ. ಕಡಕ್ ರೊಟ್ಟಿ ಮುರಿಯಬೇಕು, ಇಲ್ಲವೇ ಪಲ್ಯದ ರಸದಲ್ಲಿ ನೆನೆಸಬೇಕು. ಆ ರೊಟ್ಟಿಯ ಚೂರನ್ನೇ ಮಡಚಿ ಪಲ್ಯ ಎತ್ತುತ್ತೇವೆ. ನಮಗೆ ರೊಟ್ಟಿನೇ ಚಮಚ. ಇನ್ನೊಂದು ಮಾತು. ಎಡಗೈ ಊಟಕ್ಕೆ ಹಚ್ಚಬಾರದು ಅಂತ ನಮ್ಮನ್ನೆಲ್ಲ ಸಣ್ಣವರಿದ್ದಾಗಲೇ ಗದರಿಸಿ ಕಲಿಸಿದ್ದಾರೆ. ಎಡಗೈಯಲ್ಲಿ ಫೋರ್ಕ್ ಹಿಡಿದು ಬಾಯಿಗೆ ಇಡು ಅಂದರೆ ಹಿರಿಯರಿಗೆ ತುತ್ತು ಇಳಿಯುವುದಾದರೂ ಹೇಗೆ?

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಗೊತ್ತು. ಸುತ್ತಮುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬಡಿದ ರೊಟ್ಟಿ ಲಕ್ಷಗಟ್ಟಲೆ ದಾಸೋಹಕ್ಕೆ ಬರುತ್ತದೆ. ಅಷ್ಟು ಜನ ಕೂತು ಕೈಯಲ್ಲೇ ಉಂಡು ಏಳುತ್ತಾರೆ. ಆ ಊಟದಲ್ಲಿ ಗಲೀಜು ಇದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹೋಟೆಲಿನ ಎಲ್ಲಾ ನಿಯಮಗಳನ್ನೂ ನಾನು ಬೇಡ ಅನ್ನುತ್ತಿಲ್ಲ. ತಟ್ಟೆಯಲ್ಲಿ ಕೈ ತೊಳೆಯಬೇಡಿ ಅಂತ ಬೋರ್ಡ್ ಹಾಕುತ್ತಾರೆ, ಸರಿಯಾದದ್ದೇ. ಬಳ್ಳಾರಿಯ ಕಡೆ ಒಗ್ಗರಣೆ ಮಿರ್ಚಿಯನ್ನು ಹಳೆಯ ಪೇಪರಿನಲ್ಲಿ ಕಟ್ಟಿ ಕೊಡುವ ರೂಢಿ ನಿಲ್ಲಲೇಬೇಕು. ಪೇಪರಿನ ಶಾಯಿ ಬಿಸಿ ಎಣ್ಣೆಯ ಜೊತೆ ಹೊಟ್ಟೆಗೆ ಹೋಗುತ್ತದೆ. ಇವು ಉಣ್ಣುವವರ ಒಳ್ಳೆಯದಕ್ಕೆ ಇರುವ ನಿಯಮಗಳು.

ಇನ್ನು ನೀರು ಮತ್ತು ಬಿಲ್ಲಿನ ವಿಷಯ. ಖಾನಾವಳಿಯಲ್ಲಿ ಕೂತರೆ ಮೊದಲು ತಂಬಿಗೆ ನೀರು ಬರುತ್ತದೆ. ಇಲ್ಲಿ ಕೇಳುವ ಮೊದಲೇ ಬಾಟಲಿಯ ಮುಚ್ಚಳ ತೆಗೆದುಬಿಟ್ಟರು. ಹೋಟೆಲಿನಲ್ಲಿ ಕೂರಿಸಿ ಬಡಿಸುವಾಗ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಾಗಿ ಸಾದಾ ನೀರು ಬೇಕಿದ್ದರೆ ಕೂತ ಕೂಡಲೇ ಬಾಯಿಬಿಟ್ಟು ಹೇಳಿ.

ಬಿಲ್ಲಿನಲ್ಲಿ ಎರಡೂವರೆ, ಎರಡೂವರೆ ಅಂತ ಎರಡು ಸಾಲಿನಲ್ಲಿ ಶೇಕಡಾ 5 ಜಿಎಸ್‌ಟಿ ಇತ್ತು. ಅದು ಸರ್ಕಾರದ್ದು, ಕೊಡಬೇಕು. ಅದರ ಮೇಲಿನ ಸಾಲಿನಲ್ಲಿ ಸರ್ವಿಸ್ ಚಾರ್ಜ್ ಶೇಕಡಾ 10 ಅಂತ ಇತ್ತು. ಇದು ತೆರಿಗೆ ಅಲ್ಲ. ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ತಗೊಳ್ಳುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಕೊಡುವುದು ಬಿಡುವುದು ನಮ್ಮ ಇಷ್ಟ. ಗಲ್ಲಾದ ಹತ್ತಿರ ಕೇಳಿದೆ. ‘ನಮ್ಮ ಹೋಟೆಲಿನ ರೂಲ್ಸ್ ಸರ್’ ಅಂದರು. ಅಕ್ಕನ ಮಗ ನನ್ನ ತೋಳು ಹಿಡಿದು, ‘ಇರ್ಲಿ ಬಿಡು ಮಾಮ’ ಅಂದ. ಮೊದಲ ಸಂಬಳದ ದಿನ ಜಗಳ ಬೇಡ ಅಂತ ಸುಮ್ಮನಾದೆ. ಸುಮ್ಮನಾಗಬಾರದಿತ್ತು. ನಿಮಗೆ ಹೀಗಾದರೆ ಆ ಸಾಲು ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ ಬರೆದುಕೊಳ್ಳಿ: ಒಂದು, ಒಂಬತ್ತು, ಒಂದು, ಐದು. 1915. ಆ ಹಣ ಬಡಿಸಿದ ಹುಡುಗನಿಗೆ ಸಿಗಲಿ ಅಂತ ನಿಮಗೆ ಅನಿಸಿದರೆ ಅವನ ಕೈಗೇ ಕೊಡಿ.

ಹೋಟೆಲ್ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ನಿಯಮ ಏನೇ ಇರಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬಾಗಿಲಿಗೇ ಬರೆದು ಹಾಕಿ. ಒಪ್ಪಿಗೆಯಾದರೆ ಒಳಗೆ ಬರುತ್ತೇವೆ. ಕೂತು, ನೀರು ಕುಡಿದು, ಹಸಿದ ಮೇಲೆ ಕೊನೆಯ ಪುಟ ತೋರಿಸಬೇಡಿ. ವಯಸ್ಸಾದವರು ಬಂದರೆ ಅರ್ಧ ಊಟ ಕೊಡಿ, ಅದಕ್ಕೆ ತಕ್ಕ ಬೆಲೆ ತಗೊಳ್ಳಿ.

ಆ ದಿನ ಮನೆಗೆ ಬಂದು ಅವ್ವ ಮೊಸರನ್ನ ಕಲಸಿಕೊಂಡು ಉಂಡಳು. ಮೊಮ್ಮಗ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ. ಏನೂ ಮಾತಾಡಲಿಲ್ಲ.

ಈಗ ಹೊರಗೆ ಊಟಕ್ಕೆ ಹೋಗೋಣ ಬಾ ಅಂದರೆ ಅವ್ವ ಮೊದಲು ಕೇಳುವುದು ಒಂದೇ. ‘ಅಲ್ಲಿ ರೊಟ್ಟಿ ಕೈಲೆ ಮುರೀಬೋದೇನು?’ ಮದುವೆಯಾಗಿ ಬಂದ ದಿನದಿಂದ ದಿನಾ ಬೆಳಿಗ್ಗೆ ರೊಟ್ಟಿ ಬಡಿದ ಕೈ ಅದು. ಬರುವ ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಹೋಗುವುದು ಅಂತ ಮಾಡಿದ್ದೇವೆ. ಮೊಮ್ಮಗ ನಿನ್ನೆ ತಾನೇ ಅಲ್ಲಿಗೆ ಹೋಗಿ ವಿಚಾರಿಸಿ ಬಂದು ಅಜ್ಜಿಗೆ ಹೇಳಿದ್ದಾನೆ.

ನಮಸ್ಕಾರ.