ಒಲೆ ನೋಡಿ, ಆಮೇಲೆ ಬೆಲೆ ಮಾತಾಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಒಂದು ಕಾಮೆಂಟು.

ಹೋದ ಸಂಚಿಕೆಯಲ್ಲಿ ಸೆರಾಮಿಕ್ ಶಿಲ್ಪದ ಬಗ್ಗೆ ಮಾತಾಡಿದ್ದೆ. ಎಲೆ, ಕಾಯಿ, ಹವಳ, ಹಕ್ಕಿ, ಇವನ್ನೆಲ್ಲ ಮಣ್ಣಲ್ಲಿ ಮಾಡುವ ಕಲಾವಿದರು, ಅವರ ಪ್ರದರ್ಶನಗಳು, ಸ್ಟುಡಿಯೋ ಬಾಗಿಲು ತೆರೆದು ನಮ್ಮನ್ನು ಒಳಗೆ ಕರೆಯುವ ದಿನಗಳು. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: 'ಮಣ್ಣಿನ ಎಲೆಗೆ 8,000 ರೂಪಾಯಿನಾ? ಎಲೆ ನೋಡ್ಬೇಕು ಅಂದ್ರೆ ಲಾಲ್‌ಬಾಗ್‌ಗೆ ಹೋಗ್ತೀನಿ ಬಿಡಿ.' ಅದಕ್ಕೆ ಸಾಲು ಸಾಲು ಲೈಕು ಬೇರೆ!

ಹೋಗಿ ಸ್ವಾಮಿ, ಲಾಲ್‌ಬಾಗ್‌ಗೆ ಹೋಗಿ. ಬೇಡ ಅಂದವರು ಯಾರು? ಅಲ್ಲಿಂದ ಹಾಗೇ ಒಂದು ಸೆರಾಮಿಕ್ ಸ್ಟುಡಿಯೋಗೂ ಹೋಗಿ. ನಮ್ಮ ಕುಂಬಾರರು ಆವಿಗೆ ಅನ್ನುತ್ತಾರೆ, ಸ್ಟುಡಿಯೋದವರು ಕಿಲ್ನ್ ಅನ್ನುತ್ತಾರೆ, ನಾನು ಒಲೆ ಅನ್ನುತ್ತೇನೆ. ಮೊದಲು ಒಲೆ ನೋಡಿ. ಆಮೇಲೆ ಬೆಲೆ ಮಾತಾಡಿ.

ಆ ಎಲೆಯನ್ನೇ ತಗೊಳ್ಳಿ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಸುಟ್ಟಾಗ ಇನ್ನೂ ಕುಗ್ಗುತ್ತದೆ. ಹೆಚ್ಚು ಬಿಸಿಯಲ್ಲಿ ಸುಡುವ ಸ್ಟೋನ್‌ವೇರ್ ಮಣ್ಣಾದರೆ ಒಟ್ಟು ಸುಮಾರು ಶೇ. 10ರಿಂದ 13ರಷ್ಟು. ಎಲೆಯ ಅಂಚು ತೆಳು, ನಡುವಿನ ದಂಟು ದಪ್ಪ. ಅಂಚು ಬೇಗ ಒಣಗುತ್ತದೆ, ದಂಟು ನಿಧಾನ. ಬಿಸಿಲಿಗೆ ಹಾಕಿದ ಹಪ್ಪಳ ಅಂಚಿನಿಂದ ಮೇಲೇಳುತ್ತೆ ಅಲ್ವಾ, ಇದೂ ಹಾಗೇ ಎಳೆದುಕೊಂಡು ಸೊಟ್ಟಗಾಗುತ್ತದೆ. ಇಲ್ಲವೇ ಸೀಳಿಬಿಡುತ್ತದೆ. ಅದಕ್ಕೇ ಪ್ಲಾಸ್ಟಿಕ್ ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ಸರಿಸಿ, ಕಾದು ಒಣಗಿಸುತ್ತಾರೆ.

ಆಮೇಲೆ ಬೆಂಕಿ. ಒಳಗೆ ತೇವ ಉಳಿದಿದ್ದರೆ 100 ಡಿಗ್ರಿ ದಾಟುವಾಗ ಆವಿಯಾಗಿ ಸಿಡಿಯುತ್ತದೆ. ಪಕ್ಕದಲ್ಲಿ ಇಟ್ಟಿದ್ದಕ್ಕೂ ಪೆಟ್ಟು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಸ್ ಹರಳು ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಆರುವಾಗ ಅಲ್ಲೇ ಮತ್ತೆ ಕುಗ್ಗುತ್ತದೆ. ಆತುರ ಮಾಡಿದರೆ ಬಿರುಕು. ಮೊದಲ ಸುಡುವಿಕೆ ಸುಮಾರು 1,000 ಡಿಗ್ರಿಗೆ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಅದನ್ನು ಹಚ್ಚಿ ಮತ್ತೆ 1,200 ದಾಟಿಸಬೇಕು. ಇನ್ನು ಆ ಹಸಿರು ಇದೆಯಲ್ಲ, ಅದು ಅಂಗಡಿಯಲ್ಲಿ ಕೊಂಡ ಪೇಂಟ್ ಅಲ್ಲ. ಗ್ಲೇಜ್‌ನಲ್ಲಿರುವ ತಾಮ್ರ ಒಲೆಯಲ್ಲಿ ಆಮ್ಲಜನಕ ಇದ್ದರೆ ಹಸಿರು ಕೊಡುತ್ತದೆ, ಆಮ್ಲಜನಕ ಕಡಿಮೆ ಮಾಡಿದರೆ ಅದೇ ತಾಮ್ರ ಕೆಂಪಾಗುತ್ತದೆ! ಬಾಗಿಲು ತೆಗೆಯುವವರೆಗೆ ಯಾವುದು ಬಂದಿದೆ ಅಂತ ಮಾಡಿದವರಿಗೇ ಖಾತ್ರಿ ಇರುವುದಿಲ್ಲ.

ಇಷ್ಟೆಲ್ಲ ದಾಟಿ ಒಂದು ಎಲೆ ನೆಟ್ಟಗೆ ಹೊರಗೆ ಬಂದರೆ, ನೀವು ಫೋನಲ್ಲಿ ಚಿತ್ರ ನೋಡಿ '8,000ನಾ?' ಅನ್ನುತ್ತೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ. ಈಗ ದೊಣ್ಣೆಯ ಬದಲು ಕಾಮೆಂಟ್ ಬಂದಿದೆ, ಅಷ್ಟೇ. ಒಲೆ ನೋಡಿ ಸ್ವಾಮಿ!

'ಪ್ರದರ್ಶನಕ್ಕೆ ಹೋಗಿ ನೋಡಿದೀನಲ್ಲ' ಅನ್ನುವವರಿಗೂ ಉತ್ತರ ಇದೆ. ಪ್ರದರ್ಶನ ಬೇಕು. ನಮ್ಮಲ್ಲಿ ಇಂಡಿಯನ್ ಸೆರಾಮಿಕ್ಸ್ ಟ್ರೈಯೆನಾಲೆ ಅನ್ನುವ ದೊಡ್ಡ ಸೆರಾಮಿಕ್ ಪ್ರದರ್ಶನ ಶುರುವಾಗಿದ್ದೇ 2018ರಲ್ಲಿ, ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ. ಎರಡನೆಯದು ನಡೆದಿದ್ದು 2024ರಲ್ಲಿ, ದೆಹಲಿಯಲ್ಲಿ. ಇಂಥದ್ದು ಇನ್ನೂ ಆಗಲಿ, ಬೆಂಗಳೂರಲ್ಲೂ ಆಗಲಿ. ಆದರೆ ಗ್ಯಾಲರಿಯಲ್ಲಿ ನಿಮಗೆ ಕಾಣುವುದು ಗೆದ್ದು ಬಂದ ತುಂಡು ಮಾತ್ರ. ಬಿಳಿ ಪೀಠ, ಮೇಲೆ ದೀಪ, ಪಕ್ಕದಲ್ಲಿ 'ಮುಟ್ಟಬೇಡಿ' ಅನ್ನುವ ಚೀಟಿ. ಸ್ಟುಡಿಯೋದಲ್ಲಿ ಸೋತಿದ್ದೂ ಕಾಣುತ್ತದೆ. ಮೂಲೆಯಲ್ಲಿ ಒಡೆದ ಚೂರಿನ ರಾಶಿ. ಗೋಡೆ ತುಂಬ ಗ್ಲೇಜ್ ಪರೀಕ್ಷೆ ಮಾಡಿದ ಬಿಲ್ಲೆಗಳು. ಕಿಟಕಿಯಲ್ಲಿ ಒಂದು ನಿಜವಾದ ಒಣಗಿದ ಕಾಯಿ, ಮೇಜಿನ ಮೇಲೆ ಅದನ್ನೇ ನೋಡಿ ಅರ್ಧ ಕೆತ್ತಿದ ಮಣ್ಣಿನ ಕಾಯಿ. ಮುಟ್ಟಿ ನೋಡಿ ಅಂತ ಅವರೇ ಕೈಗೆ ಕೊಡುತ್ತಾರೆ. ಅದೃಷ್ಟ ಇದ್ದರೆ ರಾಕು ಅನ್ನುವ, ಜಪಾನಿನಿಂದ ಬಂದ ಪದ್ಧತಿಯಲ್ಲಿ ಸುಡುವುದನ್ನೂ ನೋಡಬಹುದು. ಕೆಂಡದಂತೆ ಉರಿಯುತ್ತಿರುವ ತುಂಡನ್ನು ಇಕ್ಕಳದಲ್ಲಿ ಎತ್ತಿ ಮರದ ಹೊಟ್ಟಿನೊಳಗೆ ಇಡುತ್ತಾರೆ. ಭಗ್ ಅಂತ ಬೆಂಕಿ ಏಳುತ್ತದೆ. ಗ್ಲೇಜ್ ಬಿರುಕಿನೊಳಗೆ ಹೊಗೆ ಇಳಿದು ಕಪ್ಪು ಗೆರೆ ಮೂಡುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ದೂರ ನಿಲ್ಲಿಸಿ ತೋರಿಸಿ.

ಅಂದಹಾಗೆ ರಾಕು ಬಗ್ಗೆ ಮುಂದಿನ ವಾರ ಪೂರ್ತಿ ಸಂಚಿಕೆ ಇದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ.

ಇನ್ನೊಬ್ಬರು ಕೇಳಿದ್ದಾರೆ, ಪ್ರಕೃತಿಯನ್ನು ನಕಲು ಮಾಡೋದು ಯಾವ ದೊಡ್ಡ ಕಲೆ ಅಂತ. 16ನೇ ಶತಮಾನದ ಫ್ರಾನ್ಸಿನಲ್ಲಿ ಬರ್ನಾರ್ಡ್ ಪಾಲಿಸ್ಸಿ ಅಂತ ಒಬ್ಬರಿದ್ದರು. ಹಾವು, ಹಲ್ಲಿ, ಕಪ್ಪೆ, ಜರೀಗಿಡ, ಇವುಗಳ ಅಚ್ಚು ತೆಗೆದು ತಟ್ಟೆಗಳ ಮೇಲೆ ಕೂರಿಸುತ್ತಿದ್ದರು. ಗ್ಲೇಜ್ ಹುಡುಕುತ್ತಾ ವರ್ಷಗಟ್ಟಲೆ ಕಳೆದರು. ಸೌದೆ ಮುಗಿದಾಗ ಮನೆಯ ಮೇಜು, ನೆಲದ ಹಲಗೆ ಕಿತ್ತು ಒಲೆಗೆ ಹಾಕಿದೆ ಅಂತ ಅವರೇ ಬರೆದಿಟ್ಟಿದ್ದಾರೆ. ಮನೆಯ ನೆಲ! ನಕಲು ಮಾಡುವವರು ನೆಲ ಸುಡುತ್ತಾರಾ? ನಮ್ಮ ಕಾಲದ ಹಿತೋಮಿ ಹೊಸೊನೊ ಅವರನ್ನು ನೋಡಿ. ಜಪಾನಿನವರು, ಲಂಡನ್ನಿನಲ್ಲಿ ಕೆಲಸ. ಒಂದೊಂದು ಎಲೆಯನ್ನೂ ಅಚ್ಚಿನಲ್ಲಿ ಒತ್ತಿ ತೆಗೆದು, ಪದರ ಪದರವಾಗಿ ಜೋಡಿಸಿ, ಮತ್ತೆ ಕೈಯಲ್ಲಿ ಕೆತ್ತುತ್ತಾರೆ. ಅವರ ಎಲೆಗಳ ಬಟ್ಟಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬರೋಡಾದಲ್ಲಿ ಜ್ಯೋತ್ಸ್ನಾ ಭಟ್ ಇದ್ದರು, 2020ರಲ್ಲಿ ತೀರಿಕೊಂಡರು. ಬೆಕ್ಕು, ಗೂಬೆ, ತಾವರೆ ಮೊಗ್ಗು, ಇವನ್ನೆಲ್ಲ ಮಣ್ಣಲ್ಲಿ ಮಾಡಿದವರು. ಅವರ ಬೆಕ್ಕಿನಲ್ಲಿ ಒಂದೊಂದೇ ಕೂದಲು ಎಣಿಸಿ ಕೆತ್ತಿದ್ದಿಲ್ಲ. ಕೆಲವೇ ಉಬ್ಬು, ಒಂದು ತಿರುವು, ಅಷ್ಟರಲ್ಲೇ ಇಡೀ ಬೆಕ್ಕಿನ ಸೋಮಾರಿತನ, ಗತ್ತು ಎಲ್ಲ ಬಂದುಬಿಟ್ಟಿದೆ. ಇದನ್ನು ನಕಲು ಅನ್ನುವವರು ಬೆಕ್ಕನ್ನೂ ಸರಿಯಾಗಿ ನೋಡಿಲ್ಲ.

'ಪಾಟರಿ ಟೌನ್‌ನಲ್ಲಿ ಮಡಕೆ ಎಷ್ಟು ಅಗ್ಗ ಗೊತ್ತಾ?' ಇದು ಮೂರನೆಯವರ ವಾದ, ಬೆಂಗಳೂರಿನ ಕುಂಬಾರರ ಬಡಾವಣೆಯ ಬಗ್ಗೆ. ಗೊತ್ತು. ಅವರಿಗೆ ಸಿಗುತ್ತಿರುವುದೇ ಕಡಿಮೆ! ಒಬ್ಬರಿಗೆ ಕಡಿಮೆ ಕೊಡುತ್ತಿದ್ದೇವೆ ಅಂತ ಇನ್ನೊಬ್ಬರಿಗೂ ಕಡಿಮೆ ಕೊಡಬೇಕಾ? ಇದೆಂಥ ಲೆಕ್ಕ? ಪಾಟರಿ ಟೌನ್‌ಗೇ ಹೋಗಿ. ಅಲ್ಲೂ ಒಲೆ ಇದೆ. ನೋಡಿ, ಅಲ್ಲೂ ಚೌಕಾಸಿ ಬಿಡಿ.

'ಟ್ರಾಫಿಕ್ ಇದೆ, ದೂರ ಆಗುತ್ತೆ.' ಮಾಲ್‌ಗೆ ಹೋಗುವಾಗ ಟ್ರಾಫಿಕ್ ಇರಲ್ವಾ? ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಪ್ರತಿ ಮೇ ತಿಂಗಳು ಆರ್ಟ್‌ವೀಕ್ಸ್ ನಡೆಯುತ್ತದೆ. ನೂರಾರು ಕಲಾವಿದರು ಮನೆ, ಸ್ಟುಡಿಯೋ ತೆರೆದಿಡುತ್ತಾರೆ. ಜನ ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತಾರೆ. ಜಪಾನಿನ ಮಾಶಿಕೋದಲ್ಲಿ ವರ್ಷಕ್ಕೆ ಎರಡು ಸಲ ಕುಂಬಾರಿಕೆ ಜಾತ್ರೆ. ನಮಗೆ ಪಾಂಡಿಚೇರಿ ಎಷ್ಟು ದೂರ? 1971ರಲ್ಲಿ ಅಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಗೋಲ್ಡನ್ ಬ್ರಿಜ್ ಪಾಟರಿ ಶುರು ಮಾಡಿದರು. ಈ ದೇಶದ ಎಷ್ಟೋ ಸೆರಾಮಿಕ್ ಕಲಾವಿದರು ಅಲ್ಲಿ ಕಲಿತವರು. ಬೀಚ್‌ಗೆ ಅಂತ ಹೋಗ್ತೀರಲ್ಲ ಪಾಂಡಿಗೆ? ಆ ಸುತ್ತಮುತ್ತ, ಆರೋವಿಲ್‌ನಲ್ಲಿ, ಎಷ್ಟು ಒಲೆಗಳಿವೆ ಅಂತ ಒಮ್ಮೆಯಾದರೂ ವಿಚಾರಿಸಿದ್ದೀರಾ?

ಇಷ್ಟಾದರೂ ಒಪ್ಪದವರು ಇದ್ದೇ ಇರುತ್ತಾರೆ. 'ಆನ್‌ಲೈನ್‌ನಲ್ಲಿ 300ಕ್ಕೆ ಸಿಗುತ್ತೆ.' ತಗೊಳ್ಳಿ! ತಗೊಂಡು ಅದರ ಪಕ್ಕ ಕೈಯಲ್ಲಿ ಮಾಡಿದ್ದನ್ನು ಇಡಿ. ಕಣ್ಣು ಮುಚ್ಚಿ ಎರಡರ ಮೇಲೂ ಬೆರಳಾಡಿಸಿ. ಆಮೇಲೆ ನನಗೆ ಬರೆಯಿರಿ. ಬೇಡ, ಆಗಲೂ ಬೇಡ, ಒಲೆ ನೋಡಿ ಬಂದ ಮೇಲೆ ಬರೆಯಿರಿ. ಒಲೆ ನೋಡದವರ ಜೊತೆ ಬೆಲೆಯ ಮಾತು ನನಗೆ ಬೇಡವೇ ಬೇಡ. ಒಂದೇ ಒಂದು ಭಾನುವಾರ ಕೊಡಿ. ಕೊಳ್ಳಲೇಬೇಡಿ. ಸುಮ್ನೆ ಹೋಗಿ, ನಿಂತು ನೋಡಿ ಬನ್ನಿ!

ನಮ್ಮ ವಾಟ್ಸಾಪ್ ಗುಂಪಿನ ಲಿಂಕ್ ಕೆಳಗಿದೆ. ಓಪನ್ ಸ್ಟುಡಿಯೋ ದಿನಗಳು ಗೊತ್ತಾದ ಕೂಡಲೇ ಅಲ್ಲಿ ಹಾಕುತ್ತೇನೆ. ಕಲಾವಿದರು ಯಾರಾದರೂ ಕೇಳುತ್ತಿದ್ದರೆ ನಿಮ್ಮ ದಿನಾಂಕ ಕಳಿಸಿ, ಇಲ್ಲಿ ಓದಿ ಹೇಳುತ್ತೇನೆ, ದುಡ್ಡು ತಗೊಳ್ಳುವುದಿಲ್ಲ. ಮೈಸೂರು, ಧಾರವಾಡ, ಮಂಗಳೂರಿನವರೂ ಕಳಿಸಿ. ಲಾಲ್‌ಬಾಗ್ ಕಾಮೆಂಟ್ ಬರೆದವರೇ, ನೀವೂ ಗುಂಪು ಸೇರಿ.