ಮೂಲ್ಕಿ ಆದ ಮೇಲೆ ಹೆಜಮಾಡಿ: ಎಕ್ಸ್‌ಎಸ್‌ಎಲ್‌ಟಿಯಲ್ಲಿ ಹೊಸ ಎಲಿಮೆಂಟ್ ಸೇರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸುಗಳ ಸ್ಟಾಪ್‌ಗಳನ್ನು ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗುಗಳ ನಡುವೆ ಬರೆದಿಡುವ ಪದ್ಧತಿ) ಫೈಲುಗಳಲ್ಲಿ ಬರೆದಿಟ್ಟಿದ್ದೇವೆ ಅಂದುಕೊಳ್ಳಿ. ಸುರತ್ಕಲ್, ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಹೀಗೆ. ಟ್ಯಾಗುಗಳೂ ಕನ್ನಡದಲ್ಲೇ ಇವೆ:

<ನಿಲ್ದಾಣ>ಮೂಲ್ಕಿ</ನಿಲ್ದಾಣ>

ಟ್ಯಾಗು, ಒಳಗಿನ ಪಠ್ಯ ಎಲ್ಲ ಸೇರಿದ ಇಂಥ ಒಂದು ತುಂಡೇ ಎಲಿಮೆಂಟ್. ಕನ್ನಡ ಟ್ಯಾಗ್ ನಡೆಯುತ್ತದಾ ಅಂದರೆ, ಧಾರಾಳವಾಗಿ ನಡೆಯುತ್ತದೆ. 1998ರ ಮೊದಲ ಎಕ್ಸ್‌ಎಂಎಲ್ ನಿಯಮಾವಳಿಯಲ್ಲೇ ಅದಕ್ಕೆ ಅವಕಾಶ ಇತ್ತು.

ಈಗ ಮೂಲ್ಕಿ ಮತ್ತು ಪಡುಬಿದ್ರಿ ನಡುವೆ ಹೆಜಮಾಡಿ ಸೇರಿಸಬೇಕು. ಒಂದೇ ಫೈಲಾದರೆ ಎಡಿಟರ್ ತೆರೆದು ಟೈಪ್ ಮಾಡಿ, ಅದಕ್ಕೆ ಸ್ಟೈಲ್‌ಶೀಟ್ (ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದ ಸೂಚನೆಗಳ ಫೈಲು) ಯಾಕೆ? ನೂರಾರು ಫೈಲುಗಳಿದ್ದರೆ ಮಾತ್ರ ಕೈಯಿಂದ ಆಗುವ ಕೆಲಸ ಅಲ್ಲ. ಫೈಂಡ್ ಆಂಡ್ ರಿಪ್ಲೇಸ್ ಕೂಡ ಬೇಡ, ಯಾಕೆಂದರೆ ಅದಕ್ಕೆ ಕಾಣುವುದು ಬರೀ ಅಕ್ಷರ. ಕಾಮೆಂಟಿನೊಳಗೆ ಮೂಲ್ಕಿ ಅಂತ ಇದ್ದರೂ ಅಲ್ಲೂ ಹೋಗಿ ತುರುಕುತ್ತದೆ.

ಇಂಥ ಕೆಲಸಕ್ಕೆ ಇರುವುದೇ ಎಕ್ಸ್‌ಎಸ್‌ಎಲ್‌ಟಿ, ಎಕ್ಸ್‌ಎಂಎಲ್ ಫೈಲನ್ನು ಬೇರೆ ರೂಪಕ್ಕೆ ತರುವ ಭಾಷೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯಿಂದ 1999ರಲ್ಲೇ ಬಂದದ್ದು. ಹಳೆಯದು ಅಂತ ಬಿಡಬೇಡಿ. ಅದು ಮೂಲ ಫೈಲನ್ನು ಮುಟ್ಟುವುದೇ ಇಲ್ಲ, ಅದನ್ನು ಓದಿ ಹೊಸದೊಂದನ್ನು ಬರೆಯುತ್ತದೆ. ಹಾಗಾಗಿ ನಾವು ಮೊದಲು ಹೇಳಬೇಕಾದದ್ದು ಏನು ಸೇರಿಸಬೇಕು ಅಂತ ಅಲ್ಲ, ಉಳಿದದ್ದನ್ನೆಲ್ಲ ಇದ್ದ ಹಾಗೇ ನಕಲು ಮಾಡು ಅಂತ. ಇದೇ ಐಡೆಂಟಿಟಿ ಟೆಂಪ್ಲೇಟ್. ಟೆಂಪ್ಲೇಟ್ ಅಂದರೆ ಇಂಥದ್ದು ಸಿಕ್ಕರೆ ಹೀಗೆ ಮಾಡು ಅನ್ನುವ ನಿಯಮ. ಎಲ್ಲ ನೋಡ್ (ಎಲಿಮೆಂಟ್, ಪಠ್ಯ, ಕಾಮೆಂಟ್ ಹೀಗೆ ಫೈಲಿನ ಒಂದೊಂದು ಭಾಗ), ಎಲ್ಲ ಆಟ್ರಿಬ್ಯೂಟುಗಳಿಗೆ (ಟ್ಯಾಗಿನೊಳಗೇ ಬರೆಯುವ ಹೆಚ್ಚಿನ ವಿವರ) ಹೊಂದುವ ಒಂದು ಟೆಂಪ್ಲೇಟ್, ಅದರೊಳಗೆ ಒಂದು ಕಾಪಿ, ಕಾಪಿಯ ಒಳಗೆ ಅಪ್ಲೈ ಟೆಂಪ್ಲೇಟ್ಸ್ (ಒಳಗಿರುವುದಕ್ಕೂ ಟೆಂಪ್ಲೇಟುಗಳನ್ನು ಅನ್ವಯಿಸು ಅನ್ನುವ ಆಜ್ಞೆ), ಅಷ್ಟೇ. ಇದನ್ನು ಮರೆತರೆ ಟ್ಯಾಗುಗಳೆಲ್ಲ ಮಾಯವಾಗಿ ಬರೀ ಊರ ಹೆಸರುಗಳು ಸಾಲಾಗಿ ಬಂದು ಬೀಳುತ್ತವೆ. 3.0 ಆವೃತ್ತಿಯಲ್ಲಿ ಇದಕ್ಕೆ ಮೋಡ್ ಅನ್ನುವ ಆಜ್ಞೆಯಲ್ಲಿ ‘ಶ್ಯಾಲೋ ಕಾಪಿ’ ಅಂತ ಒಂದು ಸಾಲು ಸಾಕು.

ಆಮೇಲೆ ಮೂಲ್ಕಿಗೆ ಮಾತ್ರ ಹೊಂದುವ ಇನ್ನೊಂದು ಟೆಂಪ್ಲೇಟ್: ನಿಲ್ದಾಣ[.='ಮೂಲ್ಕಿ']. ಇಲ್ಲಿ ಚುಕ್ಕಿ ಅಂದರೆ ಆ ನಿಲ್ದಾಣದೊಳಗಿನ ಪಠ್ಯ. ಚೌಕ ಕಂಸದ ಷರತ್ತು ಇರುವುದರಿಂದ ಇದರ ಆದ್ಯತೆ 0.5, ಐಡೆಂಟಿಟಿಯದ್ದು ಮೈನಸ್ 0.5. ಆದ್ದರಿಂದ ಮೂಲ್ಕಿ ಬಂದಾಗ ಇದೇ ಗೆಲ್ಲುತ್ತದೆ. ಇದರಲ್ಲೂ ಮೊದಲು ಮೂಲ್ಕಿಯನ್ನು ಕಾಪಿ ಮಾಡಿ, ಕಾಪಿ ಮುಗಿದ ನಂತರ <ನಿಲ್ದಾಣ>ಹೆಜಮಾಡಿ</ನಿಲ್ದಾಣ> ಅಂತ ಬರೆಯಿರಿ. ಕಾಪಿಯ ಒಳಗೇ ಬರೆದರೆ ಹೆಜಮಾಡಿ ಮೂಲ್ಕಿಯ ಮಗುವಾಗುತ್ತದೆ, ಪಕ್ಕದ ಊರಾಗುವುದಿಲ್ಲ.

ಇಷ್ಟಕ್ಕೇ ಕೆಲಸ ಮುಗಿಯಿತಾ? ಇಲ್ಲ, ನಿಜವಾದ ಯೋಚನೆ ಶುರುವಾಗುವುದೇ ಇಲ್ಲಿಂದ. ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಿಗೆ ಹೆಜಮಾಡಿ ಮೂಲ್ಕಿಗಿಂತ ಮೊದಲೇ ಸಿಗುತ್ತದೆ ಅಲ್ವಾ? ಅಲ್ಲಿ ಹೊಸ ಎಲಿಮೆಂಟನ್ನು ಕಾಪಿಗೆ ಮುಂಚೆ ಬರೆಯಬೇಕು, ಅಂದರೆ ಮಾರ್ಗದ ದಿಕ್ಕು ನೋಡಿ ಎರಡು ಟೆಂಪ್ಲೇಟ್ ಬೇಕು. ಎಕ್ಸ್‌ಪ್ರೆಸ್ ಬಸ್ ನಿಲ್ಲದ ಕಡೆ ಸ್ಟಾಪ್ ಸೇರಿಸಿದರೆ ಜನರಿಗೆ ಸುಳ್ಳು ಹೇಳಿದ ಹಾಗೆ, ಅದಕ್ಕೆ ಸರ್ವಿಸ್ ಬಸ್ಸಿಗೆ ಮಾತ್ರ ಅನ್ನುವ ಷರತ್ತು ಹಾಕಿ: ಮಾರ್ಗ[@ಬಗೆ='ಸರ್ವಿಸ್']/ನಿಲ್ದಾಣ[.='ಮೂಲ್ಕಿ'] (@ ಅಂದರೆ ಆಟ್ರಿಬ್ಯೂಟ್). ಒಬ್ಬರು ಮೂಲ್ಕಿ ಅಂತ, ಇನ್ನೊಬ್ಬರು ಮುಲ್ಕಿ ಅಂತ ಬರೆದಿರುತ್ತಾರೆ. ಪ್ರತಿ ಸ್ಟಾಪಿಗೂ ಒಂದು ಕೋಡ್ ಆಟ್ರಿಬ್ಯೂಟ್ ಇದ್ದರೆ ಹೆಸರು ನಂಬುವ ಅಗತ್ಯವೇ ಇಲ್ಲ. ಇನ್ನು, ಅದೇ ಸ್ಟೈಲ್‌ಶೀಟನ್ನು ನಾಳೆ ಯಾರೋ ಮತ್ತೆ ಓಡಿಸುತ್ತಾರೆ. ಆಗ ಎರಡೆರಡು ಹೆಜಮಾಡಿ ಬರಬಾರದು ಅಂದರೆ, ಆ ಮಾರ್ಗದಲ್ಲಿ ಹೆಜಮಾಡಿ ಇಲ್ಲದಿದ್ದರೆ ಮಾತ್ರ ಸೇರಿಸು ಅಂತ ‘ನಾಟ್’ ಷರತ್ತು ಇರಲೇಬೇಕು.

ತುಂಬ ಜನ ಒದ್ದಾಡುವುದು ನೇಮ್‌ಸ್ಪೇಸ್‌ನಲ್ಲಿ, ಅಂದರೆ ಟ್ಯಾಗುಗಳ ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಹೇಳುವ ಗುರುತಿನಲ್ಲಿ. ಫೈಲಿನ ತಲೆಯಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದರೆ, ಸುಮ್ನೆ ನಿಲ್ದಾಣ ಅಂತ ಬರೆದ ಟೆಂಪ್ಲೇಟ್ ಹೊಂದುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ, ಫೈಲು ಹೋದ ಹಾಗೇ ವಾಪಸ್ ಬರುತ್ತದೆ. ಅದೇ ನೇಮ್‌ಸ್ಪೇಸಿಗೆ ಸ್ಟೈಲ್‌ಶೀಟಿನಲ್ಲಿ ಒಂದು ಪ್ರಿಫಿಕ್ಸ್ (ಹೆಸರಿನ ಮುಂದೆ ಹಾಕುವ ಚಿಕ್ಕ ಗುರುತು) ಕೊಟ್ಟು ಹೊಂದಿಸಿ, ಹೊಸ ಎಲಿಮೆಂಟನ್ನೂ ಅದರಲ್ಲೇ ಸೃಷ್ಟಿಸಿ.

ಸ್ಟೈಲ್‌ಶೀಟ್ ಓಡಿಸಲು ಎಕ್ಸ್‌ಎಸ್‌ಎಲ್‌ಟಿಪ್ರೊಕ್ ಅನ್ನುವ ಪ್ರೋಗ್ರಾಂ ಸಾಕು, ಆದರೆ ಅದಕ್ಕೆ ಗೊತ್ತಿರುವುದು 1.0 ಮಾತ್ರ. 3.0 ಬೇಕಾದರೆ ಸ್ಯಾಕ್ಸನ್ ಅನ್ನುವ ಇನ್ನೊಂದು ಪ್ರೋಗ್ರಾಂ ಇದೆ. ಓಡಿಸಿದ ಮೇಲೆ ಹಳೆಯದು ಹೊಸದು ಎರಡನ್ನೂ ಡಿಫ್ ಹಾಕಿ (ಸಾಲು ಸಾಲಾಗಿ ಹೋಲಿಸಿ) ನೋಡಿ. ಕೋಟ್ ಗುರುತು, ಸಿಡಾಟಾ (ಪಠ್ಯವನ್ನು ಇದ್ದ ಹಾಗೇ ಬರೆಯುವ ಒಂದು ವಿಧಾನ) ಇವೆಲ್ಲ ಅರ್ಥ ಬದಲಾಗದೆಯೂ ಬದಲಾಗಿ ಕಾಣಬಹುದು, ಹಾಗಾಗಿ ಮೊದಲು ಎರಡನ್ನೂ ಎಕ್ಸ್‌ಎಂಎಲ್‌ಲಿಂಟ್ ಅನ್ನುವ ಪ್ರೋಗ್ರಾಂನ ಸಿ14ಎನ್ ಆಯ್ಕೆಯಲ್ಲಿ ಒಂದೇ ರೂಪಕ್ಕೆ ತನ್ನಿ. ಆಮೇಲೂ ಹೆಜಮಾಡಿ ಬಿಟ್ಟು ಬೇರೆ ಸಾಲು ಬದಲಾಗಿ ಕಂಡರೆ ಆ ಫೈಲನ್ನು ಮುಂದೆ ಕಳಿಸಬೇಡಿ.